ನೀನು ಒಳಗೆ ಹೋದ ಮೇಲೆ ಹೊಡೆದ ಸಿಕ್ಸರ್

ಖಜೂರಿ
ಗುರುವಾರ, ಏಪ್ರಿಲ್ ೨೪

ಪ್ರೀತಿಯ ಶಿವಕಾಂತಾ ಅಕ್ಕಾ, ಶರಣು.

ಮೊನ್ನೆ ಕ್ರಿಕೆಟ್ ನೋಡುತ್ತಾ ಕುಳಿತಾಗ, ಗಂಡನನ್ನು ಕಳಕೊಂಡ ನಿನ್ನನ್ನು, ನಾಲ್ಕು ಜನರ ಮುಂದೆ, ನೀನು ಬಂದರೆ ಕೆಡುಕಾಗುತ್ತದೆ ಎಂದು ಒಳಗೆ ಕಳಿಸಿದೆ. ಬೇರೆ ಹೆಸರಿಟ್ಟು ಇದನ್ನು ಸಣ್ಣದು ಮಾಡುವುದಿಲ್ಲ. ನಿನ್ನ ಮೊಣಕಾಲಿನ ನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ? ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ. ಅದಕ್ಕೇ ಇದನ್ನು ಬರೆದು, ಜೇವರ್ಗಿ ಕಡೆಗೆ ಟ್ರಕ್ ಒಯ್ಯುವ ಗೆಳೆಯ ರಸೂಲನ ಕೈಯಲ್ಲಿ ಕೊಡುತ್ತಿದ್ದೇನೆ. ಅವ್ವ ಅರಾಮ ಇದ್ದಾಳೆ. ನಮ್ಮ ತಂಗಿ ಜಯಮಾಲಾಳ ಮದುವೆಗೆಂದು ಹಪ್ಪಳ ಸಂಡಿಗೆ ಒಣಹಾಕುತ್ತಾ ಮಾಳಿಗೆಯಿಂದ ಕೆಳಗಿಳಿಯುತ್ತಿಲ್ಲ.

ನಾವು ಕ್ರಿಕೆಟ್ ಹುಚ್ಚರು ವಿಚಿತ್ರ ಜನ ಅಕ್ಕಾ. ಆಡುವವರು ಎಲ್ಲೋ ದೂರದ ಮೈದಾನದಲ್ಲಿರುತ್ತಾರೆ. ಆಟ ಮಾತ್ರ ನಮ್ಮ ಪಡಸಾಲೆಯಲ್ಲಿ ಯಾರು ಎಲ್ಲಿ ಕುಳಿತಿದ್ದಾರೆ ಎಂಬುದರ ಮೇಲೆ ನಡೆಯುತ್ತದೆಂದು ನಂಬುತ್ತೇವೆ. ಒಮ್ಮೆ ಗೆದ್ದಾಗ ತೊಟ್ಟಿದ್ದ ಅಂಗಿಯನ್ನು ನಾನು ಒಗೆಯಲು ಕೊಡುವುದಿಲ್ಲ. ಗ್ರಹಣದ ಹೊತ್ತಿನಲ್ಲಿ ಊರಿಗೆಲ್ಲ ಕಾಣುವಂತೆ ಕಟ್ಟೆಯ ಮೇಲೆ ಕುಳಿತು ಉಂಡವನೂ ನಾನೇ. ಕಬಡ್ಡಿಯಲ್ಲಿ ಈ ರೋಗ ಕಡಿಮೆ. ಕ್ರಿಕೆಟಿನಲ್ಲಿ ಎಸೆತಕ್ಕೂ ಎಸೆತಕ್ಕೂ ನಡುವೆ ಮೂರ್ಖತನ ಬೆಳೆಯಲು ಬೇಕಾದಷ್ಟು ಪುರಸೊತ್ತಿದೆ ಎಂಬುದು ನನ್ನ ಅಭಿಪ್ರಾಯ. ನೀನಿದ್ದರೆ ಸೋಲುತ್ತೇವೆ ಎಂದು ಕೊನೆಯ ಓವರಿಗೆ ರಸೂಲನನ್ನು ಬಾಗಿಲ ಹೊರಗೆ ನಿಲ್ಲಿಸಿದರೆ ಅವನು ನಕ್ಕು ಬೀಡಿ ಹಚ್ಚುತ್ತಾನೆ.

ಅದೇ ಮಾತನ್ನು ನಿನಗೆ ಅಂದೆ. ನೀನು ಚುರುಮುರಿ ಸುಸಲಾದ ತಟ್ಟೆ ತಂದಿಟ್ಟು ನನ್ನ ಪಕ್ಕ ಕುಳಿತೆ. ವಿಕೆಟ್ ಬಿತ್ತು, ಹಿಂದೆಯೇ ಇನ್ನೊಂದು. ಎರಡೂ ಕೆಟ್ಟ ಹೊಡೆತಗಳು, ಅದು ನನಗೆ ಗೊತ್ತಿತ್ತು. ಆದರೂ "ಅಕ್ಕಾ, ನೀ ಒಳಗ ನಡಿ, ನೀ ಬಂದು ಕುಂತ್ರ ವಿಕೆಟ್ ಹೋಗಾಕತ್ತಾವ" ಅಂದೆ. ನಿನ್ನ ಗಂಡ, ಮಾಮಾ, ತೀರಿದ ಮೇಲೆ ಪ್ರತಿ ಶುಭಕಾರ್ಯದಲ್ಲೂ ಹಿರಿಯರು ನಿನಗೆ ಅಂದದ್ದು ಇದೇ "ಒಳಗ ನಡಿ". ಇದರ ವಿರುದ್ಧವೇ ನಾನು ಚಿಗವ್ವ ನಿಂಬೆವ್ವನ ಜೊತೆ ಜಗಳಾಡಿದ್ದೆ, ಆಳಂದದ ಮೂಢನಂಬಿಕೆ ವಿರೋಧಿ ಸಭೆಗಳಿಂದ ತಂದ ಪುಸ್ತಿಕೆಗಳನ್ನು ಓದಿ ಹೇಳಿದ್ದೆ, ಜಯಮಾಲಾಗೆ ಮೊದಲ ಅರಿಷಿಣ ಮುತ್ತೈದೆಯರಲ್ಲ, ನೀನೇ ಹಚ್ಚಬೇಕೆಂದು ನಿನ್ನನ್ನೂ ಒಪ್ಪಿಸಿದ್ದೆ.

ನೀನು ಎದ್ದು ಒಳಗೆ ಹೋದೆ. ಮುಂದಿನ ಎಸೆತಕ್ಕೇ ಸಿಕ್ಸರ್. ನಾನು ಅಡಿಗೆಮನೆಯತ್ತ ತಿರುಗಿ, ನಗುತ್ತಾ, "ಅಲ್ಲೇ ಇರು ಅಕ್ಕಾ, ಹೊರಗ ಬರಬ್ಯಾಡ!" ಎಂದು ಕೂಗಿದೆ. ಮೊದಲ ಮಾತಿಗಿಂತ ಆ ನಗೆಯೇ ನನ್ನನ್ನು ಹೆಚ್ಚು ನಾಚಿಸುತ್ತಿದೆ. ರಸೂಲನೊಬ್ಬ ನಗಲಿಲ್ಲ. "ಲೇ ಸಿದ್ದಲಿಂಗ, ನಿನ್ನ ಬುಕ್ಕೆಲ್ಲಾ ಟಾಸ್ ಹಾಕೂತನಕ ಅಷ್ಟೇನು?" ಅಂದ. ನಾನು ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಕೊನೆಗೆ ಸೋತೆವು, ನೀನು ಒಳಗಿದ್ದಾಗಲೇ ಸೋತೆವು. ಬೆಳಗಾಗುವಷ್ಟರಲ್ಲಿ ನೀನು ಮೊದಲ ಬಸ್ಸಿಗೆ ಹೋಗಿದ್ದೆ.

ನಿನ್ನೆ ಅವ್ವನಿಗೆ ಫೋನಿನಲ್ಲಿ "ಅರಿಷಿಣಕ್ಕ ನಿಂಬೆವ್ವಗ ಹೇಳು, ನಾ ಹಿಂದ ಅಡಿಗಿ ನೋಡ್ಕೋತೇನಿ" ಅಂದೆಯಂತೆ. ನಿಂಬೆವ್ವನಿಗೆ ಮೂರು ವರ್ಷದಲ್ಲಿ ಆಗದ್ದನ್ನು ನಾನು ಒಂದು ಓವರಿನಲ್ಲಿ ಮಾಡಿದೆ.

ನಿನ್ನ ಅತ್ತೆಗೆ ನನ್ನ ಶರಣು ತಿಳಿಸು. ನಿನ್ನ ಆಶೀರ್ವಾದ ಕೇಳಲು ಮುಖವಿಲ್ಲ.

ನಿನ್ನ ತಮ್ಮ,
ಸಿದ್ದಲಿಂಗ

ತಾ.ಕ.: ರಸೂಲ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಮುಖ್ಯ ಮಾತು ಇದು. ಮನೆಮಂದಿಯ ಮುಂದೆ ನನ್ನ ತಪ್ಪು ಒಪ್ಪಿಕೊಂಡೆ. ನಿಂಬೆವ್ವ ಬಾಯಿಗೆ ಸೆರಗು ಹಿಡಿದು, "ನಾವು ಬಾಯಿಲೆ ಅಂತಿದ್ದಿವಿ, ನೀ ಮಾಡಿ ತೋರ್ಸಿದಿ ನೋಡಪ್ಪ" ಎಂದು ನಕ್ಕಳು. ಅನ್ನಿಸಿಕೊಂಡೆ. ಆದರೆ ಜಯಮಾಲಾ "ಅಕ್ಕ ಮೊದಲ ಹಚ್ಚಲಿಲ್ಲಂದ್ರ ನಾ ಅರಿಷಿಣದ ಮಣಿ ಮ್ಯಾಲ ಕೂಡಂಗಿಲ್ಲ" ಎಂದು ಹಟ ಹಿಡಿದಿದ್ದಾಳೆ. ಸೋಮವಾರ ಅರಿಷಿಣ. ಈ ಸಲ ವಾದ ಮಾಡಲು ಬರುತ್ತಿಲ್ಲ, ಬರುವುದು ಬಿಡುವುದು ನಿನ್ನದು. ರವಿವಾರ ಮುಂಜಾನೆ ಹತ್ತು ಗಂಟೆಗೆ ನಿನ್ನೂರು ಇಜೇರಿಯ ಬಸ್ ನಿಲ್ದಾಣದಲ್ಲಿ ನಿಂತಿರುತ್ತೇನೆ.