ನಲವತ್ತೊಂದು ಇನ್ನೂ ಒಳಗಿದ್ದಾನೆ

ಪರಂಪರೆ ಮತ್ತು ಪ್ರವಾಸ ಮಂಡಳಿಯ ನಿರ್ದೇಶಕರಿಗೆ, ಲ್ಯಾಂಟರ್ನ್ ಕ್ರೀಕ್, ಕೊಲೊರಾಡೊ.

ಮಾನ್ಯರೇ,

ಮೊದಲಿಗೆ ಅಭಿನಂದನೆ. ನಮ್ಮೂರಿನ ಬಿಗ್ ಲೀನಾ ಗಣಿಯಲ್ಲಿ ಮೂವತ್ತು ಚಿಲ್ಲರೆ ವರ್ಷಗಳ ಹಿಂದೆ ಚಾವಣಿ ಕುಸಿದು ಒಳಗೇ ಉಳಿದುಹೋದ ಎಲೀಸೆಯೊ ವಿಗೀಲನನ್ನು ಹೊರತರಲು ಕಂಪನಿಯಿಂದ ಆಗಲಿಲ್ಲ. ಅಕ್ಕಪಕ್ಕದ ಗಣಿಗಳಿಂದ ಓಡಿಬಂದ ರಕ್ಷಣಾ ತಂಡಗಳಿಂದ ಆಗಲಿಲ್ಲ. ಪಾದ್ರಿಯ ಪ್ರಾರ್ಥನೆಯಿಂದಲೂ ಆಗಲಿಲ್ಲ. ತಾವು ಒಂದೇ ಬೇಸಿಗೆಯಲ್ಲಿ ಅದನ್ನು ಸಾಧಿಸಿದ್ದೀರಿ. ಈಗ ದಿನಕ್ಕೆ ನಾಲ್ಕು ಸಲ, ಪ್ರವಾಸಿಗಳ ರೈಲಿಗೆ ಹೆಚ್ಚುವರಿ ಡಬ್ಬಿ ಸೇರಿಸಿದ ದಿನ ಆರು ಸಲ, ನಲವತ್ತೊಂದು ಎಂದು ಕೊರೆದ ಅವನ ಹಾಜರಿ ಬಿಲ್ಲೆ ಒಳಗೆ ಹೋಗಿ ನಗುನಗುತ್ತಾ ಹೊರಗೆ ಬರುತ್ತದೆ. ಒಮ್ಮೆ ಟೆಕ್ಸಾಸಿನ ದಂತವೈದ್ಯನ ಕೈಯಲ್ಲಿ, ಒಮ್ಮೆ ಮಧುಚಂದ್ರಕ್ಕೆ ಬಂದ ಮದುಮಗಳ ಕೈಯಲ್ಲಿ. ಬಾಗಿಲ ಮೇಲೆ ತಾವು ಬರೆಸಿರುವ ಫಲಕ ಹೇಳುತ್ತದೆ: ‘ಇಂದು ಎಲ್ಲರೂ ಸುರಕ್ಷಿತವಾಗಿ ಹೊರಬಂದಿದ್ದಾರೆ!’

ನನ್ನ ದೂರು ಈ ಒಂದು ವಾಕ್ಯದ ಮೇಲೆ. ಎಲ್ಲರೂ ಹೊರಬಂದಿಲ್ಲ. ನಲವತ್ತೊಂದನೇ ಬಿಲ್ಲೆಯನ್ನು ಪ್ರವಾಸಿಗಳಿಗೆ ಹಂಚುವ ತಮ್ಮ ಬುಟ್ಟಿಯಿಂದ ತೆಗೆದು, ಮೊದಲಿದ್ದ ಮೊಳೆಗೆ ಮತ್ತೆ ನೇತುಹಾಕಿ.

ತಮ್ಮ ಕರಪತ್ರ ಆ ಹಿತ್ತಾಳೆ ಬಿಲ್ಲೆಗಳನ್ನು ‘ಗಣಿಗಾರರ ಅದೃಷ್ಟದ ನಾಣ್ಯ’ ಎಂದು ಕರೆಯುತ್ತದೆ. ಇದನ್ನು ಬರೆದವರು ಯಾರೋ ತಿಳಿಯದು, ಆದರೆ ಅವರ ಮನಸ್ಸು ಒಳ್ಳೆಯದಿರಬೇಕು. ಬಿಲ್ಲೆಗೂ ಅದೃಷ್ಟಕ್ಕೂ ಸಂಬಂಧವಿರಲಿಲ್ಲ. ಒಂದು ಹಲಗೆ, ಎಡಕ್ಕೆ ‘ಒಳಗೆ’, ಬಲಕ್ಕೆ ‘ಹೊರಗೆ’. ಗಣಿಗೆ ಇಳಿಯುವವನು ತನ್ನ ನಂಬರಿನ ಬಿಲ್ಲೆಯನ್ನು ಎಡಕ್ಕೆ ಹಾಕುತ್ತಾನೆ, ಬಂದವನು ಬಲಕ್ಕೆ ಸರಿಸುತ್ತಾನೆ. ಪಾಳಿ ಮುಗಿದ ಮೇಲೂ ಎಡಗಡೆ ಒಂದು ಬಿಲ್ಲೆ ಉಳಿದಿದ್ದರೆ ಪಾಳಿಯ ಮೇಸ್ತ್ರಿ ಮನೆಗೆ ಹೋಗುವಂತಿಲ್ಲ. ಹುಡುಕಬೇಕು. ಇಷ್ಟೇ ನಿಯಮ. ತಾವು ಆ ನಿಯಮವನ್ನು ಹಳೆಯ ಕಾಲದ ಅಕ್ಷರಗಳಲ್ಲಿ ಗೋಡೆಯ ಮೇಲೆ ಬರೆಸಿದ್ದೀರಿ. ಅಕ್ಷರಗಳು ಚೆನ್ನಾಗಿವೆ. ಅಡಿಯಲ್ಲಿ ನಿಂತು ಜನ ಫೋಟೋ ತೆಗೆಸಿಕೊಳ್ಳುತ್ತಾರೆ.

ಎಲೀಸೆಯೊನ ಮೇಲೆ ಬಿದ್ದ ಬಂಡೆಯನ್ನು ಅಲುಗಿಸಿದರೆ ಉಳಿದದ್ದೂ ಕುಸಿಯುತ್ತದೆಂದು ಕಂಪನಿ ಆ ಕವಲು ಸುರಂಗಕ್ಕೆ ಕಾಂಕ್ರೀಟ್ ಗೋಡೆ ಕಟ್ಟಿತು. ಮಾರನೆಯ ಪಾಳಿಯಲ್ಲಿ ಹಲಗೆಯ ಮುಂದೆ ನಡೆದ ಮಾತನ್ನು ನನ್ನ ತಂದೆ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ಯಾರೋ ಒಬ್ಬ ಕೇಳಿದನಂತೆ: “ಎಮಿಲ್, ನಲವತ್ತೊಂದು ತೆಗೆದುಬಿಡ್ಲಾ?”

ಮೇಸ್ತ್ರಿ ಎಮಿಲ್ ತಲೆ ಎತ್ತದೆ, “ಅವನು ಹೊರಗೆ ಬಂದ್ನಾ?” ಅಂದನಂತೆ.

“ಇಲ್ಲ.”

“ಮತ್ತೆ ಯಾಕೋ ಮುಟ್ತೀಯ?”

ಆಮೇಲೆ ಯಾರೂ ಮುಟ್ಟಲಿಲ್ಲ. ಆ ನಂಬರನ್ನು ಬೇರೆ ಯಾರಿಗೂ ಕೊಡಲಿಲ್ಲ. ನಾನು ಕೆಲಸಕ್ಕೆ ಸೇರಿದಾಗ ಅದು ಎಡಗಡೆಯ ಮೊಳೆಯಲ್ಲಿ ಕಪ್ಪಾಗಿ ತೂಗುತ್ತಿತ್ತು. ಗಣಿ ಮುಚ್ಚಿದ ದಿನ ನಾವೆಲ್ಲ ನಮ್ಮ ನಮ್ಮ ಬಿಲ್ಲೆಗಳನ್ನು ಬಲಕ್ಕೆ ಸರಿಸಿ ಬಂದಾಗಲೂ ಅದೊಂದು ಅಲ್ಲೇ ಇತ್ತು. ತಮ್ಮವರು ಬಂದು ಹಲಗೆಯನ್ನು ತೊಳೆದು, ಬಿಲ್ಲೆಗಳನ್ನು ಕನ್ನಡಿಯ ಹಾಗೆ ಹೊಳೆಯಿಸಿ ಬುಟ್ಟಿಗೆ ಹಾಕುವವರೆಗೂ ಇತ್ತು.

ನನ್ನ ಬಗ್ಗೆ ಎರಡು ಮಾತು. ನಾನು ಮೊದಲು ಗಣಿಯಲ್ಲಿ ಕೆಲಸ ಮಾಡುತ್ತಿದ್ದೆ. ಈಗ ಗಣಿಯಲ್ಲಿ ಕೆಲಸ ಮಾಡುವವನ ಹಾಗೆ ಕಾಣುವ ಕೆಲಸ ಮಾಡುತ್ತೇನೆ. ಎರಡನೆಯದರಲ್ಲಿ ಸಂಬಳ ಕಡಿಮೆಯಾದರೂ ಸಾವಿಲ್ಲ, ಆದ್ದರಿಂದ ದೂರುವಂತಿಲ್ಲ. ಬೆಳಿಗ್ಗೆ ತಾವು ಕೊಡಿಸಿರುವ ಡಬ್ಬಿಯಿಂದ ಕೆನ್ನೆಗೆ ಮಸಿ ಬಳಿದುಕೊಳ್ಳುತ್ತೇನೆ. ನಮ್ಮದು ಬೆಳ್ಳಿಯ ಗಣಿ, ಇಲ್ಲಿ ಮಸಿ ಹತ್ತುತ್ತಿರಲಿಲ್ಲ, ಅದು ಕಲ್ಲಿದ್ದಲಿನವರದು. ಆದರೆ ರೈಲಿಳಿದು ಬರುವವರು ಮಸಿಯಿಲ್ಲದ ಗಣಿಗಾರನನ್ನು ನಂಬುವುದಿಲ್ಲವೆಂದು ತಮ್ಮ ಸಮೀಕ್ಷೆ ಕಂಡುಕೊಂಡಿದೆ. ನಾನೂ ಒಪ್ಪಿದ್ದೇನೆ. ಕನ್ನಡಿಯಲ್ಲಿ ನೋಡಿಕೊಂಡಾಗ, ಈಗಲೇ ಹೆಚ್ಚು ಗಣಿಗಾರನಂತೆ ಕಾಣುತ್ತೇನೆ ಅನ್ನಿಸುತ್ತದೆ.

ಪ್ರವಾಸದ ನಡುವೆ ದೀಪ ಆರಿಸಿ ಜನರಿಗೆ ಒಂದು ನಿಮಿಷ ಕತ್ತಲು ತೋರಿಸುತ್ತೇವೆ. ತಾವು ಒಮ್ಮೆಯೂ ಬಂದಿಲ್ಲವಾದ್ದರಿಂದ ಹೇಳುತ್ತೇನೆ. ಮೊದಲು ಹುಸಿ ಕಿರುಚಾಟ, ಆಮೇಲೆ ನಗು, ಆಮೇಲೆ ಯಾರೋ ಕೆಮ್ಮುತ್ತಾರೆ, ಆಮೇಲೆ ಸದ್ದಿಲ್ಲ. ನಾನು ನಿಲ್ಲುವ ಜಾಗದ ಎಡಕ್ಕೇ ಆ ಕಾಂಕ್ರೀಟ್ ಗೋಡೆ. ಕತ್ತಲಲ್ಲಿ ಗೋಡೆಗೆ ಈ ಕಡೆ, ಆ ಕಡೆ ಎಂಬುದಿಲ್ಲ. ನಾನು ಯಾವ ಕಡೆ ನಿಂತಿದ್ದೇನೆಂಬುದು ಒಮ್ಮೊಮ್ಮೆ ದೀಪ ಹತ್ತಿದ ಮೇಲೆ ಮಾತ್ರ ಖಾತ್ರಿಯಾಗುತ್ತದೆ. ಪ್ರವಾಸಿಗಳಿಗೆ ಹೇಳಲು ತಾವು ಬರೆದುಕೊಟ್ಟ ಮಾತುಗಳಲ್ಲಿ ಇದನ್ನು ಸೇರಿಸಿಲ್ಲ, ಹೆದರಬೇಡಿ.

ಈಗ ಓತಿಲಿಯಾ ವಿಗೀಲಳ ವಿಷಯ. ಎಲೀಸೆಯೊನ ಹೆಂಡತಿ. ಊರಿಗೆಲ್ಲ ಅವಳು ತೀಯಾ, ಅತ್ತೆ. ನಿಲ್ದಾಣದ ಪಕ್ಕದಲ್ಲಿ ಹಸಿರು ಮೆಣಸಿನಕಾಯಿ ಹಾಕಿದ ಹಂದಿಮಾಂಸದ ಸಾರು, ಟೋರ್ಟಿಯಾ ರೊಟ್ಟಿ ಮಾರುತ್ತಾಳೆ. ತಮ್ಮ ಕಚೇರಿಯವರೂ ಅಲ್ಲೇ ತಿನ್ನುತ್ತಾರೆ. ಜುಲೈ ತಿಂಗಳ ಒಂದು ಮಧ್ಯಾಹ್ನ, ಪ್ರವಾಸ ಮುಗಿಸಿದ ಒಬ್ಬ ಓಹಾಯೋದ ಹೆಂಗಸು ಬಿಲ್ಲೆಯನ್ನು ಹಿಂದಿರುಗಿಸಲು ಮರೆತು, ಸಾರು ಕೊಳ್ಳುವ ಸಾಲಿನಲ್ಲಿ ನಿಂತು, ಚಿಲ್ಲರೆ ಹುಡುಕುತ್ತಾ ಅದನ್ನು ತೀಯಾಳ ಮುಂದಿಟ್ಟಳು. ಆ ಪ್ರವಾಸಿಗಳನ್ನು ಗಣಿಯಿಂದ ಕರೆತಂದಿದ್ದ ನಾನು ಹಿಂದೆಯೇ ಇದ್ದೆ.

ತೀಯಾ ಅದನ್ನು ತಿರುಗಿಸಿ ನೋಡಿದಳು. “ಇದೆಲ್ಲಿ ಸಿಕ್ತಮ್ಮ ನಿಂಗೆ?”

“ಅಯ್ಯೋ, ವಾಪಸ್ ಕೊಡೋದೇ ಮರ್ತೆ! ಗಣೀಲಿ ಕೊಟ್ರು. ಇವತ್ತು ನಾನೇ ನಲವತ್ತೊಂದು!”

“ಹೌದಾ? ಒಳಗೆ ಹೋಗಿ ಬಂದ್ಯಾ?”

“ಹೂಂ, ಬಂದೆನಲ್ಲ.”

“ಹೇಗಿತ್ತು?”

“ತುಂಬಾ ಥಂಡಿ. ಒಂದು ಸ್ವೆಟರ್ ತರಬೇಕಾಗಿತ್ತು.”

“ಹೌದು, ಥಂಡಿ,” ಅಂದಳು ತೀಯಾ. ಬಟ್ಟಲು ತುಂಬ ಬಿಸಿ ಸಾರು ಹಾಕಿ, ಇನ್ನೊಂದು ಸೌಟು ಸೇರಿಸಿ, “ತಿನ್ನು, ಮೈ ಬೆಚ್ಚಗಾಗತ್ತೆ” ಅಂದಳು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಕಾಣುತ್ತಿದ್ದದ್ದು ಮಸಿ ಬಳಿದ ಮುಖ.

ಆ ಬಿಲ್ಲೆಯ ವಿಷಯ ಹೇಳಲು ತಮ್ಮ ಕಚೇರಿಗೆ ಅವಳ ಜೊತೆ ನಾನೂ ಬಂದಿದ್ದು ತಮಗೆ ನೆನಪಿರಬಹುದು. ತಾವು ಎದ್ದು ನಿಂತು ಕುರ್ಚಿ ಕೊಟ್ಟಿರಿ, ಕಾಫಿ ತರಿಸಿದಿರಿ. ಸೌಜನ್ಯದಲ್ಲಿ ಕೊರತೆ ಇರಲಿಲ್ಲ. ಆಮೇಲೆ ಹೇಳಿದಿರಿ: “ನಿಮ್ಮ ಭಾವನೆಗಳನ್ನ ಮಂಡಳಿ ಗೌರವಿಸುತ್ತೆ, ಮೇಡಂ. ಅದಕ್ಕೇ ಒಂದು ಕಾರ್ಯಕ್ರಮ ಯೋಚಿಸಿದೀವಿ. ಆಸ್ಪೆನ್ ಮರ ಹಳದಿಯಾಗೋ ಹೊತ್ತಿಗೆ, ಸೀಸನ್ನಿನ ಕೊನೇ ಶನಿವಾರ. ‘ಕೊನೆಯ ಗಣಿಗಾರ ಮನೆಗೆ ಬಂದ’ ಅಂತ. ಬ್ಯಾಂಡು ಇರುತ್ತೆ. ರೈಲು ಸೀಟಿ ಹೊಡೆಯುತ್ತೆ. ನಿಮ್ಮ ಯಜಮಾನರು ಸುರಂಗದಿಂದ ನಡೆದು ಬಂದು, ತಮ್ಮ ಕೈಯಾರೆ ಬಿಲ್ಲೇನ ‘ಹೊರಗೆ’ ಅನ್ನೋ ಕಡೆಗೆ ಹಾಕ್ತಾರೆ.”

ತೀಯಾ ಕಾಫಿ ಕೆಳಗಿಟ್ಟಳು. “ಅವನ ಪಾರ್ಟು ಯಾರು ಮಾಡೋದು?”

ತಾವು ನನ್ನ ಕಡೆ ಕೈ ತೋರಿಸಿದಿರಿ.

“ಇವನಾ? ಎಲೀಸೆಯೊಗೆ ಇಷ್ಟು ಹೊಟ್ಟೆ ಇರ್ಲಿಲ್ಲ.”

“ಕೋಟು ಹಾಕಿದ್ರೆ ಕಾಣಲ್ಲ ಮೇಡಂ.”

“ನಾನು ಏನು ಮಾಡ್ಬೇಕು?”

“ಏನೂ ಬಲವಂತ ಇಲ್ಲ. ಆ ಗಳಿಗೇಲಿ ನಿಮಗೆ ಅನ್ನಿಸಿದ್ರೆ, ತಬ್ಬಿಕೊಳ್ಳಬಹುದು.”

“ಇಷ್ಟು ವರ್ಷ ತಡವಾಗಿ ಮನೆಗೆ ಬಂದವನನ್ನ ಯಾರಾದ್ರೂ ತಬ್ಬಿಕೊಳ್ತಾರೇನ್ರಿ? ಎಲ್ಲಿ ಹಾಳಾಗಿ ಹೋಗಿದ್ದೆ ಅಂತ ಕೇಳ್ತಾರೆ.”

ತಾವು ನಕ್ಕಿರಿ. ಈ ಸಾಲನ್ನೂ ಕಾರ್ಯಕ್ರಮದಲ್ಲಿ ಸೇರಿಸಬಹುದೇ ಎಂದು ಕೇಳಿದಿರಿ. ಆ ಕ್ಷಣದಲ್ಲಿ, ಮಾನ್ಯರೇ, ತಮ್ಮ ಮೇಲೆ ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ತಾವು ಕೆಟ್ಟವರಲ್ಲ. ತೂಗಾಡುವುದೊಂದು ಕಂಡರೆ ಅದನ್ನು ತೆಗೆದು ಒಂದು ಕಡೆ ಇಡಬೇಕೆನಿಸುವವರು, ಅಷ್ಟೆ. ಗಣಿ ಮುಚ್ಚಿದ ಊರನ್ನು ತಾವು ತೆರೆದಿರಿ. ಅದಿರು ಹೊತ್ತು ಇಳಿಯುತ್ತಿದ್ದ ರೈಲು ಈಗ ಜನರನ್ನು ಹೊತ್ತು ಏರುತ್ತದೆ, ನಾವೆಲ್ಲ ಅದರಿಂದಲೇ ಉಣ್ಣುತ್ತೇವೆ. ಇಷ್ಟು ದೂರ ಬಂದವರಿಗೆ ಒಂದು ಮುಕ್ತಾಯ ಕೊಟ್ಟು ಕಳಿಸಬೇಕೆಂಬ ತಮ್ಮ ಕಳಕಳಿ ನನಗೆ ಅರ್ಥವಾಗುತ್ತದೆ. ಆದರೆ ಮುಕ್ತಾಯ ಇಲ್ಲದಿರುವುದೇ ಒಂದು ಊರಿನ ಪರಂಪರೆಯಾಗಿದ್ದರೆ ಅದನ್ನು ಕಾಪಾಡುವ ಇಲಾಖೆ ಯಾವುದು? ಅಂಥ ಮಂಡಳಿ ಇದ್ದರೆ ವಿಳಾಸ ತಿಳಿಸಿ, ಈ ಪತ್ರವನ್ನು ಅಲ್ಲಿಗೇ ಕಳಿಸುತ್ತೇನೆ.

ಹೊರಗೆ ಬಂದಮೇಲೆ ತೀಯಾ ಹಳಿಯ ಪಕ್ಕದ ಬೆಂಚಿನ ಮೇಲೆ ಕೂತಳು. “ಅವನು ಸತ್ತಿದಾನೆ ಅಂತ ನಂಗೊತ್ತು ಕಣೋ ಫ್ರಾಂಕೀ. ನಂಗೇನು ಹುಚ್ಚಲ್ಲ. ಸ್ಮಶಾನದಲ್ಲಿ ಕಲ್ಲು ಇಡಿಸ್ತೀವಿ ಅಂತ ಕಂಪನಿಯವರೂ ಬಂದಿದ್ರು. ಬೇಡ ಅಂದೆ. ಖಾಲಿ ಮಣ್ಣಿನ ಮೇಲೆ ಕಲ್ಲಿಟ್ಟು, ಇಲ್ಲಿದಾನೆ ಅಂತ ನಾನ್ಯಾಕೆ ಸುಳ್ಳು ಹೇಳ್ಲಿ? ಅವನು ಎಲ್ಲಿದಾನೋ ಅದನ್ನ ಸರಿಯಾಗಿ ಹೇಳ್ತಿದ್ದಿದ್ದು ಆ ಮೊಳೆ ಒಂದೇ.”

“ಸಾಹೇಬರಿಗೆ ಇದನ್ನೇ ಹೇಳ್ಬೋದಿತ್ತಲ್ಲ ತೀಯಾ.”

“ಹೇಳಿದ್ರೆ ಅದಕ್ಕೂ ಬ್ಯಾಂಡು ಬಾರಿಸ್ತಾರೆ. ನೀನು ಬರಿ. ನಿಂಗೆ ಬೇರೆ ಕೆಲಸ ಏನಿದೆ, ಮಸಿ ಹಚ್ಕೊಳ್ಳೋದು ಬಿಟ್ಟು?”

ಅದಕ್ಕೇ ಬರೆಯುತ್ತಿದ್ದೇನೆ, ಊರಿನ ಪತ್ರಿಕೆಗೂ ಕೊಡುತ್ತಿದ್ದೇನೆ.

ನನ್ನ ಬೇಡಿಕೆ ಆಗಲೇ ಹೇಳಿದ್ದು. ಬಿಲ್ಲೆ ಎಡಗಡೆಯ ಮೊಳೆಗೆ ಹೋಗಬೇಕು. ಫಲಕ ಇಳಿಯಬೇಕು. ಪ್ರವಾಸಿಗಳಿಗೆ ಒಂದು ನಂಬರ್ ಕಡಿಮೆ ಬಿದ್ದರೆ, ಬುಟ್ಟಿಗೆ ಹಾಕದೆ ನಾನೇ ಇಟ್ಟುಕೊಂಡಿರುವ ನನ್ನದನ್ನು ಕೊಡಿ. ಹದಿನೇಳು ಒಳ್ಳೆಯ ನಂಬರು, ಅದು ಪ್ರತಿ ಸಲವೂ ಹೊರಗೆ ಬಂದಿದೆ.

ಇಷ್ಟಾಗದಿದ್ದರೆ, ತಮ್ಮ ಆದೇಶದಂತೆ ಶನಿವಾರ ಕೋಟು ತೊಟ್ಟು, ನಲವತ್ತೊಂದನ್ನು ಜೇಬಿನಲ್ಲಿಟ್ಟುಕೊಂಡು ನಾನು ಒಳಗೆ ಹೋಗುತ್ತೇನೆ. ಹೋಗುವ ಮುನ್ನ ಹದಿನೇಳನ್ನು ಎಡಕ್ಕೆ ತೂಗುಹಾಕುತ್ತೇನೆ. ಬ್ಯಾಂಡು ಬಾರಿಸಲಿ, ರೈಲು ಸೀಟಿ ಹೊಡೆಯಲಿ. ನಾನು ಆ ಕಾಂಕ್ರೀಟ್ ಗೋಡೆಯ ಹತ್ತಿರ ದೀಪ ಆರಿಸಿ ಕೂತಿರುತ್ತೇನೆ. ಅಂದಿನ ಕಾರ್ಯಕ್ರಮಕ್ಕೆ ತಾವು ಮೇಸ್ತ್ರಿಯ ಟೋಪಿ ಹೊಲಿಸಿಕೊಂಡಿದ್ದೀರೆಂದು ಕೇಳಿದೆ. ಸಂತೋಷ. ಹಾಗಾದರೆ ನಿಯಮ ತಮಗೆ ಗೊತ್ತೇ ಇದೆ, ತಾವೇ ಗೋಡೆಯ ಮೇಲೆ ಬರೆಸಿದ್ದು. ಎಡಗಡೆ ಒಂದು ಬಿಲ್ಲೆ ಇರುವ ತನಕ ಮೇಸ್ತ್ರಿ ಮನೆಗೆ ಹೋಗುವಂತಿಲ್ಲ. ದೀಪ ಹಿಡಿದು ತಾವೇ ಒಳಗೆ ಬನ್ನಿ. ನಲವತ್ತೊಂದನ್ನು ತಮ್ಮ ಕೈಗೆ ಕೊಡುತ್ತೇನೆ, ಯಾವ ಮೊಳೆಗೆ ಹಾಕಬೇಕೆಂಬುದು ಆ ಗೋಡೆಯ ಮುಂದೆ ಒಂದು ನಿಮಿಷ ನಿಂತರೆ ತಿಳಿಯುತ್ತದೆ. ಬರುವಾಗ ಸ್ವೆಟರ್ ಹಾಕಿಕೊಳ್ಳಿ. ಒಳಗೆ ತುಂಬಾ ಥಂಡಿ ಎಂದು ನಲವತ್ತೊಂದು ಹೇಳಿದ್ದನ್ನು ತೀಯಾ ಕೇಳಿದ್ದಾಳೆ.

ಇಂತಿ,
ತಮ್ಮ ಮಸಿ ಬಳಿದ ಗಣಿಗಾರ, ಶನಿವಾರದ ಶವ,
ಫ್ರಾಂಕ್ ಬ್ರೆಗಾರ್
ಬಿಲ್ಲೆ ಹದಿನೇಳು, ಸದ್ಯಕ್ಕೆ ಹೊರಗೆ