ಮೂರು ಒಣ ಪೇಪರು

ಬೆಟಗೇರಿ
೧೪-೧೧-೧೯೭೯, ಬುಧವಾರ

ಪ್ರೀತಿಯ ಗೆಳತಿ ಜಾನಕಿಗೆ ಶಮಶಾದಳ ಸಲಾಮು.

ನಿನ್ನ ಮೂರೂ ಪತ್ರಗಳು ಬಂದಿವೆ. ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಿದ್ದೇನೆ. ದಿನಾ ರೊಟ್ಟಿ ಮಾಡುವಾಗ ಕಣ್ಣಿಗೆ ಬೀಳುತ್ತವೆ, ದಿನಾ ನಾಳೆ ಬರೆದರಾಯಿತು ಅಂದುಕೊಳ್ಳುತ್ತೇನೆ. ಮಗಳು ಹುಟ್ಟಿದ ಮೇಲೆ ಗೆಳತಿಯನ್ನು ಮರೆತೆ ಎಂದು ನೀನು ಬಯ್ದಿದ್ದೀ. ಬಯ್ಯಿ, ಆದರೆ ಮರೆತಿಲ್ಲ. ಹಸೀನಾಗೆ ಎಂಟು ತಿಂಗಳು ತುಂಬಿತು. ಕೆಳಗಿನ ಎರಡು ಹಲ್ಲು ಬಂದಿವೆ, ಮೇಲಿನವು ಬರುತ್ತಿವೆ. ಮೊದಲು ಅವಳು ಮಲಗದೆ ನನಗೆ ನಿದ್ದೆ ಇರಲಿಲ್ಲ. ಈಗ ಅವಳು ಮಲಗುತ್ತಾಳೆ, ನಾನು ಅವಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತ ಕೂತಿರುತ್ತೇನೆ. ನಿನ್ನ ತಾಯಿಯವರ ಮೊಣಕಾಲು ನೋವು ಹೇಗಿದೆ? ಮುಂಡರಗಿಯ ಶಾಲೆಯಲ್ಲಿ ಈ ವರ್ಷವಾದರೂ ನಿನಗೆ ಮೇಲಿನ ತರಗತಿ ಕೊಟ್ಟರೋ ಇಲ್ಲವೋ?

ಗಾಡಿ ಏನಾಯಿತು, ನಿಮ್ಮ ಮಾವ ನನ್ನನ್ನೂ ಕೂಡಿಸಿಕೊಂಡು ಒಂದು ಸುತ್ತು ಹಾಕಿಸುತ್ತಾರಾ ಎಂದು ಕೇಳಿದ್ದೀ. ಅದಕ್ಕೆ ಉತ್ತರ ಬರೆಯಲಾರದೆಯೇ ಇಷ್ಟು ದಿನ ಕಳೆದೆ. ಮಾವ ತೀರಿಕೊಂಡರು ಜಾನಕಿ, ಅಕ್ಟೋಬರ್ ಹತ್ತಕ್ಕೆ. ಬರುವ ಭಾನುವಾರ ನಲವತ್ತನೆಯ ದಿನ. ನಡುವೆ ಬಕ್ರೀದ್ ಬಂದು ಹೋಯಿತು, ನಮ್ಮ ಮನೆಯಲ್ಲಿ ಯಾರೂ ಹೊಸ ಬಟ್ಟೆ ಉಡಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ಆ ಗಾಡಿ ಲಕ್ಷ್ಮೇಶ್ವರದ ಹತ್ತಿ ವ್ಯಾಪಾರಿ ಸಕ್ರಪ್ಪನವರದು. ಅವರು ಹರೆಯದಲ್ಲಿ ಮುಂಬಯಿಯಿಂದ ತಂದ ವಿಲಾಯತಿ ಗಾಡಿ. ಎರಡೇ ಸೀಟು, ಮೇಲೆ ಛಾವಣಿ ಇಲ್ಲ, ಮೂತಿ ಮಾತ್ರ ನಮ್ಮ ಅಡುಗೆಮನೆಯಷ್ಟು ಉದ್ದ. ಆ ಕಾಲದಲ್ಲಿ ಅದನ್ನು ಓಡಿಸಿದವರೂ ರಿಪೇರಿ ಮಾಡಿದವರೂ ನಮ್ಮ ಮಾವ ಮಹಬೂಬಸಾಬರೇ. ಆಮೇಲೆ ಹನ್ನೊಂದು ವರ್ಷ ಅದು ಹತ್ತಿಯ ಗೋದಾಮಿನಲ್ಲಿ ಕೂತಿತ್ತು. ರಮಜಾನ್ ಮುಗಿದ ವಾರ ಸಕ್ರಪ್ಪನವರು ಅದನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿ ನಮ್ಮ ಹಿತ್ತಲಿಗೆ ತಂದು ನಿಲ್ಲಿಸಿದರು. ಸೀಟಿನ ಹೊಟ್ಟೆಯಲ್ಲಿ ಇಲಿ ಮರಿ ಹಾಕಿತ್ತು. ಕೆಂಪು ಬಣ್ಣ ಹಳೇ ಇಟ್ಟಿಗೆಯ ಹಾಗೆ ಆಗಿತ್ತು.

"ಮಹಬೂಬಾ, ನಿನಗ ಕಣ್ಣಿಲ್ಲ, ನನಗ ಮೊಣಕಾಲಿಲ್ಲ. ಇಬ್ಬರೂ ಕೂಡಿ ಇದರಾಗ ಒಮ್ಮಿ ಶಿರಹಟ್ಟಿ ಮಟ ಹೋಗಿ ಬರೂನು," ಅಂದರು.

"ಕಣ್ಣು ಯಾಕಿಲ್ಲರೀ ಸಾವಕಾರ್ರ? ಮುಳಗುಂದ ಬಸ್ಸಿನ ಬೋರ್ಡು ಇಲ್ಲಿಂದ ಓದತೀನಿ. ತಾಟಿನ ಅನ್ನದಾಗಿನ ಹಳ್ಳು ಕಾಣೂದಿಲ್ಲ, ಅಷ್ಟ," ಅಂದರು ಮಾವ.

ಅದು ನಿಜ. ದೂರದ್ದು ಕಾಣುತ್ತಿತ್ತು, ಹತ್ತಿರದ್ದೆಲ್ಲ ಮಸುಕು. ಅದಕ್ಕೇ ಎರಡು ವರ್ಷದಿಂದ ಗ್ಯಾರೇಜಿಗೆ ಹೋಗುವುದನ್ನು ಬಿಟ್ಟಿದ್ದರು. ನಮ್ಮ ಮನೆಯವರು ಮುರ್ತುಜಾ, "ಅಬ್ಬಾ, ನೀವು ಕುಂಡ್ರಿ, ನಾ ನೋಡತೀನಿ," ಅಂದರೆ ಒಪ್ಪಲಿಲ್ಲ. "ನೀ ಟ್ರ್ಯಾಕ್ಟರಿನ ಮಿಸ್ತ್ರಿ. ಇದಕ್ಕ ಸುತ್ತಿಗಿ ತೋರಿಸಿದ್ರ ಮುನಸ್ಕೊಂತೈತಿ," ಅಂದು, ನನ್ನ ಕಡೆ ತಿರುಗಿ, "ಬೇಟಿ, ನಿನ್ನ ಕಣ್ಣು ಎರವು ಕೊಡ್ತಿಯೇನು?" ಎಂದು ಕೇಳಿದರು. ಮನೆಯಲ್ಲಿ ನಮ್ಮದು ಉರ್ದು ಮಾತು. ಆದರೆ ಗಾಡಿಯ ಕೆಲಸಕ್ಕೆ ನಿಂತರೆ ಮಾವನ ಬಾಯಿಗೆ ಕನ್ನಡವೇ ಬರುತ್ತಿತ್ತು.

ಹಾಗೆ ನಿನ್ನ ಗೆಳತಿ, ಬಿ.ಎ. ಎರಡನೆಯ ದರ್ಜೆ, ಗೋಣಿಚೀಲ ಹಾಸಿಕೊಂಡು ಗಾಡಿಯ ಬುಡಕ್ಕೆ ಸೇರಿದಳು. ಆ ಗಾಡಿ ಸೋರದ ಜಾಗವೇ ಇರಲಿಲ್ಲ. ಇಂಜಿನ್ನಿನ ಎಣ್ಣೆ, ರೇಡಿಯೇಟರಿನ ನೀರು, ಪೆಟ್ರೋಲು, ಬ್ರೇಕಿನ ಎಣ್ಣೆ, ನಾಲ್ಕೂ ತಮ್ಮ ತಮ್ಮ ದಾರಿ ಹಿಡಿದು ಇಳಿಯುತ್ತಿದ್ದವು. "ಓಡೂ ಗಾಡಿ ಸೋರೂದಿಲ್ಲವ್ವಾ, ಕುಂತ ಗಾಡಿ ಸೋರತೈತಿ. ರಬ್ಬರು ಒಣಗತೈತಿ. ಮನಶ್ಯಾರದೂ ಅಷ್ಟ," ಅನ್ನುತ್ತಿದ್ದರು.

ಅವರ ರೀತಿ ಹೀಗಿತ್ತು: ಮೊದಲು ಸೀಮೆಎಣ್ಣೆಯಿಂದ ಇಡೀ ಇಂಜಿನ್ ತೊಳೆದು ಒರೆಸುವುದು. ಒಣಗಿದ ಮೇಲೆ ಹಸೀನಾಳ ಪೌಡರ್ ಉದುರಿಸಿ ಇಂಜಿನ್ ಚಾಲೂ ಮಾಡುವುದು. ಎಲ್ಲಿ ಪೌಡರ್ ಮೊದಲು ಕಪ್ಪಾಗುತ್ತದೋ ಅಲ್ಲೇ ತೂತು. ನಾನು ಜಾಗ ಹೇಳುತ್ತಿದ್ದೆ, ಅವರು ಬೆರಳಿನಿಂದ ತಡವಿ, ಮೂಸಿ, ಯಾವ ಎಣ್ಣೆ ಎಂದು ಹೇಳುತ್ತಿದ್ದರು. ಪಕ್ಕದ ಮನೆಯ ಫಕೀರಬಿ ಗೋಡೆಯ ಮೇಲಿಂದ ನೋಡಿ, "ಏನವಾ, ಗಾಡಿಗೆ ಪೌಡರ ಹಚ್ಚಿ ಮದವಿ ಮಾಡತೀರೇನು?" ಅಂದಳು. "ಹೂನ ಫಕೀರಬಿ, ವರ ಲಕ್ಷ್ಮೇಶ್ವರದಾಗ ಮೊಣಕಾಲು ಹಿಡಕೊಂಡು ಕುಂತಾನ," ಅಂದರು ಮಾವ. ಆ ದಿನ ನಾನು ಎಷ್ಟು ನಕ್ಕೆ ಅಂದರೆ ತೊಡೆಯ ಮೇಲಿದ್ದ ಮಗು ಹೆದರಿ ಅತ್ತಿತು.

ಇಂಜಿನ್ನಿನ ಮೇಲಿನ ಮುಚ್ಚಳಕ್ಕೆ ಎಣ್ಣೆ ತಡೆಯುವ ಹೊಸ ಬೆಂಡಿನ ಪಟ್ಟಿ ಕತ್ತರಿಸಿ ಕೂರಿಸಿದರು. ನೀರಿನ ರಬ್ಬರ್ ಕೊಳವೆಗಳನ್ನು ಬದಲಿಸಿದರು. ಪೆಟ್ರೋಲು ನಿಂತಿತು. ಉಳಿದದ್ದು ಬ್ರೇಕು. ಚಕ್ರದ ಹತ್ತಿರ ಎಣ್ಣೆಯನ್ನು ಹಿಡಿದು ನಿಲ್ಲಿಸುವ ಸಣ್ಣ ರಬ್ಬರ್ ಬಟ್ಟಲುಗಳು ಆ ಗಾಡಿಯವು ಎಲ್ಲೂ ಸಿಗಲಿಲ್ಲ. ಮುರ್ತುಜಾ ಹುಬ್ಬಳ್ಳಿಗೆ ಹೋಗಿ ಹತ್ತಿರದ ಅಳತೆಯವನ್ನು ಹುಡುಕಿ ತಂದರು. ಮೂರು ಚಕ್ರ ಸುಮ್ಮನಾದವು. ಎಡಗಡೆಯ ಹಿಂದಿನದು ಮಾತ್ರ ಬಿಚ್ಚಿ ಕೂರಿಸಿದಷ್ಟೂ ಜಿನುಗುತ್ತಿತ್ತು.

ಮಾವನದೊಂದು ನೇಮವಿತ್ತು. ಸಂಜೆ ಬ್ರೇಕನ್ನು ಇಪ್ಪತ್ತು ಸಲ ತುಳಿದು, ಗಾಡಿಯ ಕೆಳಗೆ ಪೇಪರು ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು ಬಿಡುವುದು. ಬೆಳಿಗ್ಗೆ ಎದ್ದು ಕಲೆ ಬಿದ್ದಿದೆಯೋ ನೋಡುವುದು. "ಒಂದು ದಿನ ಒಣಗಿತ್ತಂದ್ರ ಗಾಡಿ ಸುಳ್ಳು ಹೇಳತೈತಿ. ಎರಡು ದಿನ ಒಣಗಿತ್ತಂದ್ರ ಆಸೆ ಹಚ್ಚತೈತಿ. ಮೂರನೇ ದಿನಾನೂ ಒಣಗಿದ್ರ ಖರೆ." ನಲವತ್ತು ವರ್ಷದಲ್ಲಿ ಮೂರು ಒಣ ಪೇಪರು ನೋಡದೆ ಒಂದು ಗಾಡಿಯನ್ನೂ ಅವರು ಹೊರಗೆ ಬಿಟ್ಟಿರಲಿಲ್ಲ. ಲಾರಿಯವರು ಎಷ್ಟು ಅವಸರ ಮಾಡಿದರೂ, "ಜಲ್ದಿ ಇದ್ರ ನಡಕೋತ ಹೋಗ್ರಿ," ಅನ್ನುತ್ತಿದ್ದರಂತೆ. ಗದಗಿನಿಂದ ಶಿರಹಟ್ಟಿಯವರೆಗೆ ಮಹಬೂಬಸಾಬರ ಹೆಸರು ಉಳಿದದ್ದು ಆ ಒಂದು ಮಾತಿನ ಮೇಲೆ. ಅಕ್ಟೋಬರ್ ಮೊದಲ ವಾರ ರಬ್ಬರನ್ನು ಮತ್ತೊಮ್ಮೆ ಬದಲಿಸಿದರು. ಶನಿವಾರದ ಪೇಪರು ಒಣಗಿತ್ತು. ಭಾನುವಾರದ್ದೂ ಒಣಗಿತ್ತು.

ಸೋಮವಾರ ಬೆಳಿಗ್ಗೆ ಗಾಡಿ ತೆಗೆದುಕೊಂಡು ಲಕ್ಷ್ಮೇಶ್ವರಕ್ಕೆ ಹೊರಟರು. ಅಲ್ಲಿ ಸಕ್ರಪ್ಪನವರು ಬೆಳಗಿನಿಂದಲೇ ತಮ್ಮ ಮನೆಯ ಕಟ್ಟೆಗೆ ಬಂದು ಕೂತಿದ್ದರಂತೆ. ಮುರ್ತುಜಾ ಹಿಂದಿನಿಂದ ಮೋಟಾರ್ ಸೈಕಲ್ ಮೇಲೆ ಹೋದರು. ದಾರಿಯ ಮಾಗಡಿ ಹಳ್ಳಿ ಇನ್ನೂ ಸ್ವಲ್ಪ ದೂರವಿರುವಾಗ ಒಂದು ಇಳಿಜಾರು. ಎದುರಿಗೆ ಶೇಂಗಾ ಬಳ್ಳಿ ಹೇರಿದ ಚಕ್ಕಡಿ ಅಡ್ಡ ಬಂತು, ಮೇಲೆ ಇಬ್ಬರು ಹೆಣ್ಣುಮಕ್ಕಳು ಕೂತಿದ್ದರು. ಮಾವ ತುಳಿದರೆ ಬ್ರೇಕು ತಳ ಮುಟ್ಟಿತು. ಕೈಬ್ರೇಕು ಜಗ್ಗಿದರು, ಸಾಲಲಿಲ್ಲ. ಚಕ್ಕಡಿಗೆ ತಾಗಿಸದೆ ಜಾಲಿಗಿಡಕ್ಕೆ ತಿರುಗಿಸಿದರು. ಆ ಹೆಣ್ಣುಮಕ್ಕಳಲ್ಲಿ ಒಬ್ಬಳು, ಕರಿಯವ್ವ ಅಂತ, ಮಣ್ಣಿನ ದಿನ ಮಾಗಡಿಯಿಂದ ನಡೆದು ಬಂದು ನಮ್ಮ ಬಾಗಿಲಲ್ಲಿ ಕೂತು ಅತ್ತಳು.

ದವಾಖಾನೆಯಲ್ಲಿ ಎರಡು ದಿನ ಇದ್ದರು. ಎದೆಗೆ ಪೆಟ್ಟಾಗಿತ್ತು, ಮಾತು ಮಾತ್ರ ಚೊಕ್ಕವಾಗಿತ್ತು. ಮಂಗಳವಾರ ಸಂಜೆ ಮಗನನ್ನು ಹತ್ತಿರ ಕರೆದು, "ಪೇಪರು ಹಸಿ ಇತ್ತು. ಶಮಶಾದ ಬ್ಯಾಡ ಅಂದಿದ್ಳು. ಸಾವಕಾರ ಕಾಯ್ತಿದ್ದ, ನಾನ ಹಟ ಮಾಡಿದೆ," ಅಂದರು. ಮರುದಿನ ಹೋದರು.

ಆಮೇಲೆ ಈ ಮಾತು ಊರೆಲ್ಲ ಆಯಿತು. ಬಂದವರೆಲ್ಲ ನನ್ನ ತಲೆ ಸವರಿ, "ಶಾಣ್ಯಾ ಸೊಸಿ, ಹೇಳಿದ್ದು ಕೇಳಬೇಕಾಗಿತ್ತು ಮುದಕ," ಅನ್ನುತ್ತಾರೆ. ಮುರ್ತುಜಾ ಅಳುವುದಿಲ್ಲ, ಸಿಟ್ಟು ಮಾಡುತ್ತಾರೆ. "ಜೀವಮಾನ ಎಲ್ಲಾ ಮೂರು ಪೇಪರು, ಮೂರು ಪೇಪರು ಅಂತ ನನ್ನ ಬಡದು ಕಲಿಸಿದ ಮನಶ್ಯಾ. ಕಡೀಕ ಒಬ್ಬ ಸಾವಕಾರನ ಸಲುವಾಗಿ ತಾನ ಮುರದ. ಹಂಗಾರ ಮೊದಲಿನ ಗಾಡೀನೂ ಹಿಂಗ ಬಿಟ್ಟಿರಬೇಕು, ಯಾರಿಗೆ ಗೊತ್ತು?" ಎಂದು ಮೊನ್ನೆ ಊಟದ ಮುಂದೆ ಕೂತು ಅಂದರು. ಗ್ಯಾರೇಜಿನ ಬೋರ್ಡಿನ ಮೇಲೆ 'ಮಹಬೂಬಸಾಬ ಮತ್ತು ಮಗ' ಎಂದಿದೆಯಲ್ಲ, ಅದರಲ್ಲಿ ಅಪ್ಪನ ಹೆಸರನ್ನು ಅಳಿಸಿ ಬರೆಸುತ್ತಾರಂತೆ. ನಲವತ್ತನೆಯ ದಿನ ಮುಗಿಯಲಿ ಅಂತ ಕಾಯುತ್ತಿದ್ದಾರೆ. ಸೋಮವಾರಕ್ಕೆ ಪೇಂಟರಿಗೆ ಹೇಳಿ ಆಗಿದೆ.

ನಿನಗೆ ಇದನ್ನೆಲ್ಲ ಬರೆದು ಭಾರ ಹೊರಿಸಿದೆನೇನೋ. ಹಸೀನಾ ಎದ್ದಳು. ದೇವರು ನಿನ್ನನ್ನೂ ನಿನ್ನ ತಾಯಿ ಭಾಗೀರಥಿಬಾಯಿಯವರನ್ನೂ ತಣ್ಣಗೆ ಇಟ್ಟಿರಲಿ. ನಿನ್ನ ಶಾಲೆಯ ಮಕ್ಕಳು ಓದಿ ದೊಡ್ಡವರಾಗಲಿ. ನಮಗಾಗಿ ನಿನ್ನ ದೇವರ ಮುಂದೆ ಒಂದು ಮಾತು ಹೇಳು.

ಇಂತಿ ನಿನ್ನ
ಶಮಶಾದ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ.

ನಾನು ಬೇಡ ಅನ್ನಲಿಲ್ಲ ಜಾನಕಿ. ಆ ಸೋಮವಾರ ಮಗುವಿಗೆ ಜ್ವರ ಬಂದು ನಾಲ್ಕನೆಯ ದಿನ. ಮುರ್ತುಜಾ ಮೋಟಾರ್ ಸೈಕಲ್ಲಿಗೆ ಪೆಟ್ರೋಲು ಹಾಕಿಸಲು ಹೋಗಿದ್ದರು. ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಮಾವ ಹಿತ್ತಲಿನಿಂದ, "ಒಣಗೈತೇನು ಬೇಟಿ?" ಎಂದು ಕೂಗಿದರು. ನಾನು ಹೊರಗೆ ಹೋಗದೆ, ಬಗ್ಗದೆ, ನೋಡದೆ, "ಒಣಗೈತಿ ಅಬ್ಬಾ," ಅಂದೆ. ಎರಡು ದಿನ ಒಣಗಿತ್ತಲ್ಲ. ನಿದ್ದೆಗೆಟ್ಟು ನನಗೆ ಕಣ್ಣು ತೆರೆಯಲು ಆಗುತ್ತಿರಲಿಲ್ಲ.

ಅವರು ಹೋಗಿ ಎಷ್ಟೋ ಹೊತ್ತಾದ ಮೇಲೆ ಪೇಪರು ಎತ್ತಲು ಹೋದೆ. ಎಡಗಡೆ, ಹಿಂದಿನ ಚಕ್ರ ನಿಂತ ಜಾಗದಲ್ಲಿ ಕಲೆ ಇತ್ತು. ಅದನ್ನು ಮಡಚಿ ನೀರೊಲೆಗೆ ಹಾಕಿದೆ. ಏನೂ ಆಗಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮಂಗಳವಾರ ದವಾಖಾನೆಯಲ್ಲಿ ಮುರ್ತುಜಾ ಔಷಧ ತರಲು ಹೋದಾಗ ನಾವಿಬ್ಬರೇ ಇದ್ದೆವು. ಮಾವ ಮೆಲ್ಲಗೆ, "ಎಷ್ಟು ದೊಡ್ಡದಿತ್ತು?" ಎಂದು ಕೇಳಿದರು. ಹತ್ತಿರದ್ದು ಅವರಿಗೆ ಕಾಣುವುದಿಲ್ಲವಲ್ಲ, ಅವರ ಅಂಗೈ ಬಿಡಿಸಿ ಬೆರಳಿನಿಂದ ಗುಂಡಗೆ ಬರೆದು ತೋರಿಸಿದೆ. ಅವರು ಆ ಗುಂಡನ್ನು ಹೆಬ್ಬೆರಳಿನಿಂದ ಸವರಿ ಲೆಕ್ಕ ಹಾಕಿದರು. "ಎಡಗಡೆ ಹಿಂದಿಂದು," ಅಂದರು. ಆಮೇಲೆ, "ಕೂಸಿನ ಜ್ವರ ಇಳೀತೇನು?" ಎಂದು ಕೇಳಿದರು. ಮುರ್ತುಜಾ ಒಳಗೆ ಬಂದರು. ಆಗ, ನಾನು ಬೇಡ ಅಂದಿದ್ದೆ ಎಂಬ ಆ ಮಾತು ಹೇಳಿದರು, ನನ್ನ ಕಡೆ ತಿರುಗಲೇ ಇಲ್ಲ.

ಉತ್ತರ ಬರೆಯಬೇಡ. ಟಪಾಲು ಮೊದಲು ಮುರ್ತುಜಾರ ಕೈಗೇ ಸಿಗುತ್ತದೆ. ನಾನು ಮಗುವನ್ನು ಎತ್ತಿಕೊಂಡಿದ್ದರೆ ಅವರೇ ಒಡೆದು ಓದಿ ಹೇಳುತ್ತಾರೆ. ಬರುವುದಾದರೆ ಶನಿವಾರ ಮಧ್ಯಾಹ್ನದ ಬಸ್ಸಿಗೇ ಬಾ. ಪೇಂಟರ್ ಸೋಮವಾರ ಬರುತ್ತಾನೆ, ಅಷ್ಟರೊಳಗೆ ಮುರ್ತುಜಾರಿಗೆ ಹೇಳಬೇಕು. ನಾನೊಬ್ಬಳೇ ಇದ್ದರೆ ಈ ಸಲವೂ ಬಾಗಿಲಲ್ಲೇ ನಿಂತುಬಿಡುತ್ತೇನೆ.