ಕೈ ತೊಳೆದ ನೀರು

ಹೊನ್ನಾಳಿ, ಭಾನುವಾರ

ಭೀಮೇಶಣ್ಣಾ,

ಬಂದ ವಾರಕ್ಕೇ ಈ ಊರಿನಲ್ಲಿ ಬೈಸಿಕೊಂಡೆ ನೋಡು. ಇವತ್ತು ನಮ್ಮ ಬೀದಿಯವರೆಲ್ಲ ಸೇರಿ ನೆರಳಿಗೆಂದು ರಸ್ತೆಯುದ್ದಕ್ಕೂ ಹೊಂಗೆ ಸಸಿ ನೆಟ್ಟೆವು. ಉಪ್ಪಿಟ್ಟು ತಿಂದು ಎಲ್ಲರೂ ನಲ್ಲಿಯ ಕಡೆ ಹೋದರು. ನಾನು ಚೊಂಬು ಹಿಡಿದು ಸಸಿಯ ಬುಡದಲ್ಲೇ ಕೈ ತೊಳೆದೆ.

"ಪೂಜೆ ಮಾಡಿ ನೆಟ್ಟೀವಿ, ಎಂಜಲು ಹಾಕ್ತೀಯಲ್ಲವ್ವ!" ಎಂದು ಎದುರುಮನೆಯ ಕೊಟ್ರಮ್ಮಜ್ಜಿ ರೇಗಿದರು.

"ನಮ್ಮೂರು ಬಿಳಿಚೋಡಿನಾಗೆ ಮನೆ ಮುಂದಿನ ಬೇವು ಬೆಳೆದಿದ್ದೇ ಹಿಂಗೆ ಅಜ್ಜಿ. ಕೈ ತೊಳೆದ ನೀರನ್ನೂ ಬೇರೆ ಕಡೆ ಚೆಲ್ಲಾಕೆ ಬಿಡ್ತಿರಲಿಲ್ಲ ನಮ್ಮವ್ವ," ಎಂದೆ. ಅಜ್ಜಿ ತಮ್ಮ ಕೈಯನ್ನೂ ಮುಂದೆ ಚಾಚಿದರು. ನೀರು ಹಾಕಿದೆ.

ನನ್ನ ಕೆಮ್ಮು ಕಡಿಮೆಯಾಗಿದೆ. ಊರ ಮನೆಯೊಳಗೆ ನೀನು ಬೇಸಿನ್ ಹಾಕಿಸಿದೆಯಂತೆ, ಸಂತೋಷ. ಆದರೂ ಊಟವಾದ ಮೇಲೆ ಚೊಂಬು ತಗೊಂಡು ಹೊರಗೆ ಹೋಗು. ಅವ್ವ ಇಲ್ಲವೆಂದು ಬೇವಿಗೆ ಗೊತ್ತಾಗಬಾರದು.

ವನಜಾಕ್ಷಿ